ಬಟ್ಟೆಯಿಂದ ಬಾಳೆ ನಾರಿಗೆ: ಮುಟ್ಟಿನ ಪ್ಯಾಡಿನ ಸಸ್ಯಮೂಲ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಎಂದೊಡನೆ ಅಲ್ಲಿನ ಪುಷ್ಕರಣಿ ನೆನಪಾಗುತ್ತದೆ. ಈ ಲೇಖನಕ್ಕೆ ಬೇಕಾದದ್ದು ಪುಷ್ಕರಣಿಯಲ್ಲ, ಅದರ ಸುತ್ತಲಿನ ಹೊಲ-ತೋಟಗಳು. ನೀರಾವರಿ ಇರುವಲ್ಲಿ ಅಡಿಕೆ, ಅಡಿಕೆಯ ನಡುವೆ ಬಾಳೆ, ಮಳೆ ನಂಬಿದ ಹೊಲಗಳಲ್ಲಿ ಮೆಕ್ಕೆಜೋಳ. ಹೊನ್ನಾಳಿ, ನ್ಯಾಮತಿಗಳಲ್ಲಿಯೂ ಹೆಚ್ಚುಕಡಿಮೆ ಇದೇ ನೋಟ. ಬರಪೀಡಿತ ಜಗಳೂರಿನ ಕಡೆಗೆ ಹೋದರೆ ಹತ್ತಿ ಕಾಣಿಸುತ್ತದೆ, ಹೊಲದ ಬದುಗಳಲ್ಲಿ ಕತ್ತಾಳೆ ಕಾಣಿಸುತ್ತದೆ.

ಹತ್ತಿ, ಮೆಕ್ಕೆಜೋಳ, ಬಾಳೆ, ಕತ್ತಾಳೆ – ಈ ನಾಲ್ಕೂ ಸಸ್ಯಗಳು ಒಂದಲ್ಲ ಒಂದು ಕಾಲದಲ್ಲಿ, ಲೋಕದ ಒಂದಲ್ಲ ಒಂದು ಮೂಲೆಯಲ್ಲಿ, ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಬಳಸುವ ಪ್ಯಾಡಿನೊಳಗೆ ಸೇರಿವೆ. ಇತ್ತೀಚೆಗೆ ಅಂಗಡಿಗಳಲ್ಲಿ 'ಸಸ್ಯಮೂಲದ ಪ್ಯಾಡ್' ಎಂಬ ಹೆಸರು ಹೊತ್ತ ಪೊಟ್ಟಣಗಳು ಹೊಸ ಆವಿಷ್ಕಾರದಂತೆ ಮಾರಾಟವಾಗುತ್ತಿವೆ. ಇದು ನಿಜಕ್ಕೂ ಹೊಸದೇ? ಇತಿಹಾಸವನ್ನು ತೆರೆದು ನೋಡಿದರೆ ಹಾಗೆನ್ನುವಂತಿಲ್ಲ. ಪ್ಯಾಡಿನ ತಿರುಳು ಆರಂಭದಿಂದಲೂ ಸಸ್ಯಮೂಲದ್ದೇ. ಸಸ್ಯವನ್ನು ಬಿಟ್ಟು ದೂರ ಸರಿದದ್ದು ಅದರ ಸುತ್ತಲಿನ ಪದರಗಳು. ಹಾಗೆ ಏಕಾಯಿತು, ಅದರ ಹಿಂದೆ ಯಾವ ವಿಜ್ಞಾನ ಮತ್ತು ಯಾವ ವ್ಯಾಪಾರ ಇತ್ತು ಎಂಬುದನ್ನು ಇಲ್ಲಿ ನೋಡೋಣ.

ಬಟ್ಟೆಯ ಕಾಲ

ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಬಳಕೆಯಲ್ಲಿದ್ದದ್ದು ಹಳೆಯ ಹತ್ತಿ ಸೀರೆ, ಪಂಚೆಗಳ ತುಂಡು. ಇದರ ಹಿಂದೆ ಒಂದು ಒಳ್ಳೆಯ ಲೆಕ್ಕಾಚಾರವಿತ್ತು. ಹಲವು ವರ್ಷ ಒಗೆದ ಹತ್ತಿ ಬಟ್ಟೆಯಲ್ಲಿ ಗಂಜಿ, ಮೇಣ ಯಾವುದೂ ಉಳಿದಿರುವುದಿಲ್ಲ. ಅದು ಮೃದುವಾಗಿರುತ್ತದೆ, ಬೇಗನೆ ಹೀರುತ್ತದೆ, ಕೊನೆಗೆ ಮಣ್ಣಿನಲ್ಲಿ ಕರಗುತ್ತದೆ.

ಹಾಗಾದರೆ ತೊಂದರೆ ಎಲ್ಲಿತ್ತು? ಬಟ್ಟೆಯಲ್ಲಿ ಅಲ್ಲ, ಅದನ್ನು ಒಣಗಿಸುವ ಜಾಗದಲ್ಲಿ. ಮುಟ್ಟು ಮೈಲಿಗೆ ಎಂಬ ಭಾವನೆಯಿಂದ ಆ ಬಟ್ಟೆಯನ್ನು ಯಾರ ಕಣ್ಣಿಗೂ ಬೀಳದಂತೆ ಬೇರೆ ಬಟ್ಟೆಗಳ ಅಡಿಯಲ್ಲೋ, ಕತ್ತಲೆಯ ಮೂಲೆಯಲ್ಲೋ ಹರವುತ್ತಿದ್ದರು. ಬಿಸಿಲು ಮತ್ತು ಗಾಳಿ ಸೋಕದ ಒದ್ದೆ ಬಟ್ಟೆ ಸೂಕ್ಷ್ಮಜೀವಿಗಳಿಗೆ ನೆಲೆಯಾಗುತ್ತದೆ. ಒಡಿಶಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಮರುಬಳಕೆಯ ಬಟ್ಟೆ ಬಳಸುವವರಲ್ಲಿ ಜನನಾಂಗ ಮತ್ತು ಮೂತ್ರನಾಳದ ಸೋಂಕಿನ ಲಕ್ಷಣಗಳು ಹೆಚ್ಚೆಂದು ತೋರಿಸಿತು. ಸಾಬೂನು, ಸಾಕಷ್ಟು ನೀರು, ನೇರ ಬಿಸಿಲು – ಈ ಮೂರೂ ದೊರೆತರೆ ಬಟ್ಟೆ ಸುರಕ್ಷಿತವೇ. 2010ರಲ್ಲಿ ಆರೋವಿಲ್‌ನಲ್ಲಿ ಆರಂಭವಾದ 'ಇಕೋ ಫೆಮ್' ಸಂಸ್ಥೆಯ ಹತ್ತಿ ಪ್ಯಾಡುಗಳು ಇದೇ ತತ್ವದ ಮೇಲೆ ನಿಂತಿವೆ. ಭಾರತೀಯ ಮಾನಕ ಸಂಸ್ಥೆಯೂ ಮರುಬಳಕೆಯ ಪ್ಯಾಡುಗಳಿಗಾಗಿಯೇ 2021ರಲ್ಲಿ ಪ್ರತ್ಯೇಕ ಮಾನಕವನ್ನು ಹೊರತಂದಿತು.

ಹತ್ತಿ ನೀರು ಕುಡಿಯಲು ಕಲಿತದ್ದು

ಹತ್ತಿ ನೀರನ್ನು ಹೀರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಗಿಡದಿಂದ ಈಗಷ್ಟೇ ಬಿಡಿಸಿದ ಹತ್ತಿಯನ್ನು ನೀರಿನ ಮೇಲೆ ಹಾಕಿ ನೋಡಿ. ಅದು ತೇಲುತ್ತದೆ! ಹತ್ತಿಯ ಎಳೆಯಲ್ಲಿ ಶೇಕಡ 90ಕ್ಕೂ ಹೆಚ್ಚು ಸೆಲ್ಯುಲೋಸ್ ಇದೆ. ಸೆಲ್ಯುಲೋಸಿನ ಅಣುಸರಪಳಿಯಲ್ಲಿ ಸಾಲುಸಾಲಾಗಿರುವ ಹೈಡ್ರಾಕ್ಸಿಲ್ ಗುಂಪುಗಳು ನೀರಿನ ಅಣುಗಳನ್ನು ಹೈಡ್ರೋಜನ್ ಬಂಧದ ಮೂಲಕ ಹಿಡಿದುಕೊಳ್ಳಬಲ್ಲವು. ಆದರೆ ಎಳೆಯ ಹೊರಮೈಯಲ್ಲಿ ತೆಳುವಾದ ಮೇಣದ ಲೇಪನವಿದ್ದು, ಅದು ನೀರನ್ನು ಒಳಗೆ ಬಿಡುವುದಿಲ್ಲ. ಕ್ಷಾರದ ದ್ರಾವಣದಲ್ಲಿ ಕುದಿಸಿ ಮೇಣವನ್ನು ತೆಗೆದಾಗ ಮಾತ್ರ ಹತ್ತಿ ನೀರನ್ನು ಕುಡಿಯುತ್ತದೆ. ಔಷಧದಂಗಡಿಯಲ್ಲಿ ಸಿಗುವ ಹೀರುಹತ್ತಿ ಹೀಗೆ ತಯಾರಾದದ್ದು. ಅದು ನೀರಿನಲ್ಲಿ 10 ಸೆಕೆಂಡಿನೊಳಗೆ ಮುಳುಗಬೇಕೆಂಬುದು ಔಷಧಕೋಶಗಳ ನಿಯಮ.

19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಹೀರುಹತ್ತಿ ಯುರೋಪಿನ ಆಸ್ಪತ್ರೆಗಳಿಗೆ ಬಂದಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಜೋಸೆಫ್ ಸ್ಯಾಂಪ್ಸನ್ ಗ್ಯಾಮ್ಜಿ 1880ರಲ್ಲಿ ಎರಡು ಪದರ ಗಾಜ್ ಬಟ್ಟೆಯ ನಡುವೆ ಹೀರುಹತ್ತಿಯನ್ನಿಟ್ಟ ಪಟ್ಟಿಯನ್ನು ರೂಪಿಸಿದ. ಗಾಯಕ್ಕೆಂದು ಮಾಡಿದ ಈ ಪಟ್ಟಿಯ ರಚನೆಯನ್ನೇ ಇಂದಿನ ಪ್ಯಾಡಿನಲ್ಲಿಯೂ ಕಾಣಬಹುದು: ಹೊರಗೆ ಜಾಲರಿಯಂಥ ಹೊದಿಕೆ, ಒಳಗೆ ಹೀರುವ ತಿರುಳು. ಅದೇ ನಗರದ ಸೌತಾಲ್ ಕಂಪನಿ ಆ ದಶಕದಲ್ಲಿಯೇ ಮಹಿಳೆಯರಿಗಾಗಿ ಬಳಸಿ ಎಸೆಯುವ ಪಟ್ಟಿಗಳನ್ನು ಮಾರತೊಡಗಿತು. ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ 'ಲಿಸ್ಟರ್ಸ್ ಟವೆಲ್' 1896ರ ಸುಮಾರಿಗೆ ಬಂದಿತು. ಸರಕು ಚೆನ್ನಾಗಿತ್ತು, ವ್ಯಾಪಾರ ಮಾತ್ರ ಆಗಲಿಲ್ಲ. ಬೆಲೆ ದುಬಾರಿ. ಅದಕ್ಕಿಂತ ಹೆಚ್ಚಾಗಿ, ಅದರ ಹೆಸರು ಹೇಳಿ ಕೇಳಲು ಹೆಂಗಸರಿಗೆ ಸಂಕೋಚ, ಜಾಹೀರಾತು ಹಾಕಲು ಪತ್ರಿಕೆಗಳಿಗೂ ಸಂಕೋಚ.

ಯುದ್ಧದ ಬ್ಯಾಂಡೇಜು, ಶಾಂತಿಕಾಲದ ವ್ಯಾಪಾರ

ಹತ್ತಿಯ ಸ್ಥಾನಕ್ಕೆ ಮರ ಬಂದದ್ದು ಮೊದಲನೆಯ ಮಹಾಯುದ್ಧದಿಂದ. ಅಮೆರಿಕದ ಕಿಂಬರ್ಲಿ-ಕ್ಲಾರ್ಕ್ ಕಾಗದದ ಕಂಪನಿಯವರು 1914ರಲ್ಲಿ ಯುರೋಪಿನ ಕಾರ್ಖಾನೆಗಳನ್ನು ನೋಡಿ ಬಂದು, ಮರದ ತಿರುಳಿನಿಂದ ಹತ್ತಿಯಂತೆ ಹೀರುವ ಪದರವೊಂದನ್ನು ತಯಾರಿಸಿದರು. ಅದರ ಹೆಸರು 'ಸೆಲ್ಯುಕಾಟನ್'. ಇದು ಹತ್ತಿಯ ಐದು ಪಟ್ಟು ಹೀರುತ್ತದೆ, ಬೆಲೆ ಅರ್ಧದಷ್ಟು ಎಂದು ಕಂಪನಿ ಹೇಳಿಕೊಂಡಿತು. ಹತ್ತಿಗೆ ಬರ ಬಂದಿದ್ದ ಕಾಲವದು. ಸೈನ್ಯದ ಆಸ್ಪತ್ರೆಗಳಿಗೆ ಬ್ಯಾಂಡೇಜಾಗಿ ಹೋದ ಈ ಪದರವನ್ನು ದಾದಿಯರು ತಮ್ಮ ಮುಟ್ಟಿನ ದಿನಗಳಿಗೂ ಬಳಸಿಕೊಂಡರು. ಈ ಉಪಯೋಗವನ್ನು ಕಂಡುಹಿಡಿದವರು ಕಂಪನಿಯ ಎಂಜಿನಿಯರುಗಳಲ್ಲ, ಹೆಸರು ದಾಖಲಾಗದ ದಾದಿಯರು ಎಂಬುದು ಗಮನಾರ್ಹ.

1918ರಲ್ಲಿ ಯುದ್ಧ ಮುಗಿಯಿತು, ಸೈನ್ಯದ ಬೇಡಿಕೆ ನಿಂತಿತು. ಉಳಿದ ಸರಕಿಗೆ ಮಾರುಕಟ್ಟೆ ಹುಡುಕುತ್ತಿದ್ದ ಕಂಪನಿ 1920ರಲ್ಲಿ 'ಕೋಟೆಕ್ಸ್' ಎಂಬ ಹೆಸರಿನಲ್ಲಿ ಪ್ಯಾಡುಗಳನ್ನು ಹೊರತಂದಿತು. ಅಂಗಡಿಯವನ ಮುಂದೆ ಬಾಯಿಬಿಟ್ಟು ಕೇಳುವ ಪ್ರಸಂಗ ತಪ್ಪಿಸಲು ಪೊಟ್ಟಣಗಳನ್ನು ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಹಣ ಹಾಕುವ ಡಬ್ಬಿ ಇಡುವ ಉಪಾಯವನ್ನೂ ಮಾಡಿದರು. ಈ ವ್ಯಾಪಾರ ಗೆದ್ದದ್ದು ಎರಡು ಕಾರಣಗಳಿಂದ: ಅಗ್ಗವಾದ ಮರದ ತಿರುಳು ಮತ್ತು ಮಾತಿಲ್ಲದ ಮಾರಾಟ. ಹಲವು ದಶಕಗಳ ನಂತರ ಭಾರತಕ್ಕೆ ಬಂದ ಒಂದು ಪ್ರಸಿದ್ಧ ಪ್ಯಾಡಿನ ಹೆಸರೇ 'ವಿಸ್ಪರ್', ಅಂದರೆ ಪಿಸುಮಾತು! ಪ್ಯಾಡನ್ನು ಕಪ್ಪು ಚೀಲದಲ್ಲಿ ಸುತ್ತಿ ಕೊಡುವ ನಮ್ಮ ಔಷಧದಂಗಡಿಗಳ ರೂಢಿ ಇದರ ಮುಂದುವರಿಕೆಯೇ.

ಇಂದಿಗೂ ಹೆಚ್ಚಿನ ಪ್ಯಾಡುಗಳ ತಿರುಳು ಪೈನ್ ಮರದ ಉದ್ದ ಎಳೆಯ ಸೆಲ್ಯುಲೋಸ್. ಮರದಲ್ಲಿ ಸೆಲ್ಯುಲೋಸಿನ ಜೊತೆ ಲಿಗ್ನಿನ್ ಎಂಬ ಅಂಟುವಸ್ತು ಬೆರೆತಿರುತ್ತದೆ. ಲಿಗ್ನಿನ್ ನೀರನ್ನು ದೂರ ತಳ್ಳುತ್ತದೆ. ರಾಸಾಯನಿಕಗಳಲ್ಲಿ ಬೇಯಿಸಿ ಲಿಗ್ನಿನ್ ತೆಗೆದು, ಬಿಳುಪು ಮಾಡಿ, ಎಳೆಗಳನ್ನು ಹಿಂಜಿ ಉಬ್ಬಿಸಬೇಕು. ಉಬ್ಬಿದ ಎಳೆಗಳ ನಡುವಿನ ಸಂದುಗಳು ಲೋಮನಾಳಗಳಂತೆ ವರ್ತಿಸಿ ದ್ರವವನ್ನು ಸೆಳೆದು ಹಿಡಿಯುತ್ತವೆ. ಆದ್ದರಿಂದ ಯಾವುದೇ ಸಸ್ಯದ ನಾರು ಪ್ಯಾಡಿಗೆ ಬರಬೇಕಾದರೆ ಎರಡು ಪರೀಕ್ಷೆ ದಾಟಬೇಕು: ಲಿಗ್ನಿನ್ ಅಥವಾ ಮೇಣವನ್ನು ಕಳಚಬೇಕು, ಅನಂತರ ಚೆನ್ನಾಗಿ ಉಬ್ಬಬೇಕು.

ಮೆಕ್ಕೆಜೋಳದಿಂದ ಪೆಟ್ರೋಲಿಯಂಗೆ

ಮುಂದಿನ ತಿರುವು ಮೆಕ್ಕೆಜೋಳದ್ದು. ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿರುವ ಕೃಷಿ ಇಲಾಖೆಯ ಪ್ರಯೋಗಾಲಯವು, ರೈತರ ಹೆಚ್ಚುವರಿ ಮೆಕ್ಕೆಜೋಳಕ್ಕೆ ಹೊಸ ಉಪಯೋಗಗಳನ್ನು ಹುಡುಕುತ್ತಿತ್ತು. 1970ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಮೆಕ್ಕೆಜೋಳದ ಪಿಷ್ಟಕ್ಕೆ ಕೃತಕ ಪಾಲಿಮರಿನ ಸರಪಳಿಗಳನ್ನು ಕಸಿ ಕಟ್ಟಿ, ತನ್ನ ತೂಕದ ನೂರಾರು ಪಟ್ಟು ನೀರು ಹೀರುವ ಪದಾರ್ಥವನ್ನು ಪಡೆದರು. ಅದಕ್ಕೆ 'ಸೂಪರ್ ಸ್ಲರ್ಪರ್' ಎಂದು ಹೆಸರಾಯಿತು. ಆ ದಶಕದ ಕೊನೆಯ ಹೊತ್ತಿಗೆ ಜಪಾನಿನಲ್ಲಿ ಇಂಥ ಪದಾರ್ಥ ಪ್ಯಾಡಿನೊಳಗೆ ಸೇರಿತು. ದಪ್ಪ ಪ್ಯಾಡುಗಳು ತೆಳುವಾಗಲು ಇದೇ ಕಾರಣ.

ಕ್ರಮೇಣ ಪಿಷ್ಟ ಹಿಂದೆ ಸರಿಯಿತು. ಪೆಟ್ರೋಲಿಯಂನಿಂದ ದೊರೆಯುವ ಅಕ್ರಿಲಿಕ್ ಆಮ್ಲದಿಂದ ಮಾಡಿದ ಸೋಡಿಯಂ ಪಾಲಿಅಕ್ರಿಲೇಟ್ ಹರಳುಗಳು ಆ ಸ್ಥಾನಕ್ಕೆ ಬಂದವು. ಇವು ಹೀರುವುದು ಅಭಿಸರಣೆಯ ತತ್ವದಿಂದ: ಸರಪಳಿಗೆ ಅಂಟಿದ ಸೋಡಿಯಂ ಅಯಾನುಗಳ ಸಾಂದ್ರತೆ ಹರಳಿನೊಳಗೆ ಹೆಚ್ಚು, ಹೊರಗೆ ಕಡಿಮೆ, ನೀರು ಒಳನುಗ್ಗುತ್ತದೆ. ಹೊರಗಿನ ದ್ರವದಲ್ಲಿಯೇ ಉಪ್ಪು ಇದ್ದರೆ ಈ ಅಂತರ ಕುಗ್ಗುತ್ತದೆ. ಆದ್ದರಿಂದ ಶುದ್ಧ ನೀರನ್ನು ನೂರಾರು ಪಟ್ಟು ಹೀರುವ ಹರಳು ಉಪ್ಪುನೀರನ್ನು ಅದರ ಸಣ್ಣ ಪಾಲಿನಷ್ಟು ಮಾತ್ರ ಹೀರುತ್ತದೆ. ರಕ್ತದಲ್ಲಿಯೂ ಉಪ್ಪಿನಂಶವಿದೆ. ಜಾಹೀರಾತಿನ ನೀಲಿ ನೀರಿನ ಪ್ರದರ್ಶನವನ್ನು ನೋಡುವಾಗ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಇದೇ ಅವಧಿಯಲ್ಲಿ ಸೊಂಟಪಟ್ಟಿ ಹೋಗಿ ಅಂಟುಪಟ್ಟಿ ಬಂದಿತು. ಮೇಲಿನ ಹೊದಿಕೆ ಪಾಲಿಪ್ರೊಪಿಲೀನ್, ಕೆಳಗಿನ ಸೋರುತಡೆ ಪಾಲಿಥೀನ್ ಆಯಿತು. ಹೀಗೆ ಒಳಗೆ ಮರ, ಸುತ್ತಲೂ ಪ್ಲಾಸ್ಟಿಕ್ ಎಂಬ ಇಂದಿನ ಪ್ಯಾಡು ರೂಪುಗೊಂಡಿತು. ತಿರುಳು ಕೆಲವು ತಿಂಗಳಲ್ಲಿ ಕೊಳೆಯಬಹುದು, ಹೊದಿಕೆ ಶತಮಾನಗಳ ಕಾಲ ಉಳಿಯಬಹುದು.

ಸಸ್ಯಮೂಲವೆಂದರೆ ಸುರಕ್ಷಿತವೇ?

ಇಲ್ಲಿ ಒಂದು ದುರಂತವನ್ನು ನೆನೆಯಬೇಕು. ಅಮೆರಿಕದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯು 'ರಿಲೈ' ಎಂಬ, ದೇಹದ ಒಳಗೆ ಇಡುವ ಟ್ಯಾಂಪನನ್ನು ಮಾರುತ್ತಿತ್ತು. ಅದರಲ್ಲಿ ಪಾಲಿಯೆಸ್ಟರಿನ ಜೊತೆಗೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಅತಿಹೀರುಕ ಪದಾರ್ಥವಿತ್ತು. ಅದು ಸೆಲ್ಯುಲೋಸಿನಿಂದಲೇ, ಅಂದರೆ ಸಸ್ಯದಿಂದಲೇ ಬಂದದ್ದು. 1980ರಲ್ಲಿ ಟ್ಯಾಂಪನ್ ಬಳಸಿದ ಯುವತಿಯರಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ವಿಷದಿಂದ ಉಂಟಾಗುವ 'ಟಾಕ್ಸಿಕ್ ಶಾಕ್' ಕಾಯಿಲೆಯ ಪ್ರಕರಣಗಳು ವರದಿಯಾದವು, ಸಾವುಗಳೂ ಆದವು. ಅತಿಯಾಗಿ ಹೀರುವ, ದೀರ್ಘ ಹೊತ್ತು ಒಳಗೇ ಉಳಿಯುವ ಟ್ಯಾಂಪನ್ ಈ ಅಪಾಯವನ್ನು ಹೆಚ್ಚಿಸುತ್ತದೆಂದು ತಿಳಿದುಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ಪದಾರ್ಥದ ಮೂಲ ಸಸ್ಯವೆಂಬುದೊಂದೇ ಅದರ ಸುರಕ್ಷತೆಗೆ ಪ್ರಮಾಣವಲ್ಲ.

ಇದಕ್ಕೆ ಎದುರು ಉದಾಹರಣೆಯೂ ಇದೆ. ಮುಟ್ಟಿನ ಕಪ್ಪಿಗೆ ಅಮೆರಿಕದ ಲಿಯೋನಾ ಚಾಮರ್ಸ್ ಎಂಬಾಕೆ 1937ರಲ್ಲಿ ಪೇಟೆಂಟ್ ಪಡೆದರು. ಅದು ರಬ್ಬರ್ ಮರದ ಹಾಲಿನಿಂದ ಮಾಡಿದ್ದು, ಸಸ್ಯಮೂಲದ್ದೇ. ಎರಡನೆಯ ಮಹಾಯುದ್ಧದಲ್ಲಿ ರಬ್ಬರ್ ಸಿಗದೆ ಅದರ ತಯಾರಿಕೆ ನಿಂತಿತು. ಇಂದಿನ ಕಪ್ಪುಗಳು ಹೆಚ್ಚಾಗಿ ಸಿಲಿಕೋನಿನವು. ಅವು ಸಸ್ಯಮೂಲದವಲ್ಲ, ಕೊಳೆಯುವುದೂ ಇಲ್ಲ. ಆದರೂ ಒಂದೇ ಕಪ್ಪನ್ನು ಹಲವು ವರ್ಷ ಬಳಸಬಹುದಾದ್ದರಿಂದ ಅದರಿಂದಾಗುವ ಕಸ ಅತ್ಯಲ್ಪ. ಕರ್ನಾಟಕ ಸರ್ಕಾರವೂ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ 'ಮೈತ್ರಿ' ಹೆಸರಿನಲ್ಲಿ ಕಪ್ಪುಗಳನ್ನು ಪ್ರಾಯೋಗಿಕವಾಗಿ ವಿತರಿಸಿದೆ.

ಕೊಯಮತ್ತೂರಿನ ಪಾಠ

ಭಾರತದ ಹಳ್ಳಿಗಳಿಗೆ ಅಗ್ಗದ ಪ್ಯಾಡ್ ತಲುಪಿಸಲು ಹೊರಟ ಅರುಣಾಚಲಂ ಮುರುಗನಾಥಂ ಅವರ ಕಥೆ ಸಿನಿಮಾ ಆಗಿ ಎಲ್ಲರಿಗೂ ಗೊತ್ತು. ಅದರಲ್ಲಿ ವಿಜ್ಞಾನದ ವಿದ್ಯಾರ್ಥಿ ಗಮನಿಸಬೇಕಾದ ಅಂಶ ಒಂದಿದೆ. 1998ರ ಸುಮಾರಿಗೆ ಅವರು ಮಾಡಿದ ಮೊದಲ ಪ್ಯಾಡುಗಳು ಹತ್ತಿಯವು, ಅವು ಸೋತವು. ಕಂಪನಿಗಳ ಪ್ಯಾಡಿನೊಳಗಿರುವುದು ಹತ್ತಿಯಲ್ಲ, ಪೈನ್ ಮರದ ಸೆಲ್ಯುಲೋಸ್ ಎಂದು ತಿಳಿಯಲು ಅವರಿಗೆ ವರ್ಷಗಳೇ ಹಿಡಿದವು. ತಿರುಳನ್ನು ಹಿಂಜಿ, ಒತ್ತಿ, ಮುಚ್ಚಿ, ಶುದ್ಧೀಕರಿಸುವ ಸಣ್ಣ ಯಂತ್ರಗಳನ್ನು ರೂಪಿಸಿದ ಅವರಿಗೆ 2006ರಲ್ಲಿ ನವೋನ್ವೇಷಣೆಯ ಪ್ರಶಸ್ತಿ, 2016ರಲ್ಲಿ ಪದ್ಮಶ್ರೀ ದೊರೆತವು. ಅವರು ಪ್ಯಾಡಿನ ಬದಲು ಯಂತ್ರವನ್ನು ಮಹಿಳಾ ಸಂಘಗಳಿಗೆ ಮಾರಿದರು. ಲಾಭ ಊರಿನಲ್ಲಿಯೇ ಉಳಿಯಲಿ ಎಂಬುದು ಇದರ ಆಶಯ.

ಆದರೆ ಯಂತ್ರ ಊರಿನದಾದರೂ ತಿರುಳು ಊರಿನದಾಗಲಿಲ್ಲ. ಪ್ಯಾಡಿಗೆ ಬೇಕಾದ ಉದ್ದ ಎಳೆಯ ತಿರುಳು ಬಹುಮಟ್ಟಿಗೆ ವಿದೇಶದಿಂದ ಆಮದಾಗುತ್ತದೆ. ಹಡಗಿನ ಲೆಕ್ಕದಲ್ಲಿ ಕೊಳ್ಳುವ ದೊಡ್ಡ ಕಂಪನಿಗೂ ಮೂಟೆಯ ಲೆಕ್ಕದಲ್ಲಿ ಕೊಳ್ಳುವ ಸ್ವಸಹಾಯ ಸಂಘಕ್ಕೂ ಬೆಲೆ ಒಂದೇ ಆಗುವುದಿಲ್ಲ.

ಬಾಳೆ, ಪಪೈರಸ್, ಕತ್ತಾಳೆ

ಆಮದು ತಿರುಳಿಗೆ ಬದಲಾಗಿ ಸ್ಥಳೀಯ ನಾರನ್ನು ಬಳಸುವ ಯತ್ನಗಳು ಆಫ್ರಿಕದಲ್ಲಿ ಮೊದಲು ಗಮನ ಸೆಳೆದವು. ಉಗಾಂಡದ ಮಕರೆರೆ ವಿಶ್ವವಿದ್ಯಾಲಯದ ಎಂಜಿನಿಯರ್ ಮೋಸೆಸ್ ಮುಸಾಜಿ ಜೌಗಿನ ಪಪೈರಸ್ ಹುಲ್ಲು ಮತ್ತು ರದ್ದಿ ಕಾಗದದಿಂದ 'ಮಾಕಾಪ್ಯಾಡ್' ತಯಾರಿಸಿದರು. ರುವಾಂಡದಲ್ಲಿ ಬಾಳೆ ದಿಂಡಿನ ನಾರಿನ ಪ್ಯಾಡುಗಳು ಬಂದವು. ಭಾರತದಲ್ಲಿ 2015ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ 'ಸಾಥಿ' ಕಂಪನಿ ಬಾಳೆ ಮತ್ತು ಬಿದಿರಿನ ನಾರು ಬಳಸಿತು. ಕೇರಳದ 'ಸೌಖ್ಯಂ' ಪ್ಯಾಡುಗಳಲ್ಲಿ ಬಾಳೆ ನಾರನ್ನು ಹತ್ತಿ ಬಟ್ಟೆಯೊಳಗಿಟ್ಟು ತೊಳೆದು ಮತ್ತೆ ಬಳಸುವಂತೆ ಮಾಡಲಾಯಿತು. ಬಾಳೆ ಒಮ್ಮೆ ಗೊನೆ ಬಿಟ್ಟ ಮೇಲೆ ಅದರ ದಿಂಡನ್ನು ಕಡಿದೇ ಹಾಕಬೇಕು. ಆದ್ದರಿಂದ ಇದಕ್ಕಾಗಿ ಹೊಸ ಜಮೀನೂ ಬೇಡ, ಹೆಚ್ಚಿನ ನೀರೂ ಬೇಡ.

ಜಗಳೂರಿನವರಿಗೆ ಇನ್ನೂ ಹತ್ತಿರದ ಸುದ್ದಿ ಕತ್ತಾಳೆಯದು. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ, ಅಗೇವ್ ಕುಲದ ಸಿಸಲ್ ಎಲೆಯ ನಾರಿನಿಂದ ಲಿಗ್ನಿನ್ ತೆಗೆದು ಹಿಂಜಿದಾಗ ದೊರೆಯುವ ತಿರುಳು, ಮಾರುಕಟ್ಟೆಯ ಪ್ಯಾಡಿನ ಹತ್ತಿಗಿಂತ ಹೆಚ್ಚು ಹೀರುತ್ತದೆಂದು ಪ್ರಕಟಿಸಿತು. ನಮ್ಮ ಬದುಗಳ ಕತ್ತಾಳೆಯೂ ಅದೇ ಕುಲದ್ದು. ಹಗ್ಗ ಹೊಸೆಯಲು ಬಳಸುತ್ತಿದ್ದ ನಾರು ಬರಗಾಲದಲ್ಲೂ ಬದುಕುವ ಗಿಡದಿಂದ ಬರುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ.

ಇನ್ನು ಚನ್ನಗಿರಿಯ ಅಡಿಕೆ ಸಿಪ್ಪೆ. ಹಸಿ ಅಡಿಕೆ ಸುಲಿದು ಬೇಯಿಸುವ ಈ ಭಾಗದಲ್ಲಿ ಸುಗ್ಗಿ ಬಂದರೆ ರಸ್ತೆಬದಿಯಲ್ಲಿ ಸಿಪ್ಪೆಯ ರಾಶಿ, ಅದಕ್ಕೆ ಹಚ್ಚಿದ ಬೆಂಕಿಯ ಹೊಗೆ. ಅಡಿಕೆ ಕಾಯಿಯ ಶೇಕಡ 60ರಿಂದ 80 ಭಾಗ ಸಿಪ್ಪೆಯೇ. ಇದನ್ನು ಪ್ಯಾಡಿಗೆ ಬಳಸಬಹುದಲ್ಲ ಎಂಬ ಯೋಚನೆ ಸಹಜ. ಆದರೆ ಅಡಿಕೆ ನಾರಿನಲ್ಲಿ ಲಿಗ್ನಿನ್ ಶೇಕಡ 13ರಿಂದ 26ರಷ್ಟಿದೆ. ಅದನ್ನು ತೆಗೆಯಲು ಕ್ಷಾರ, ನೀರು, ಇಂಧನ ಬೇಕು. ಹೊರಬರುವ ಕಪ್ಪು ದ್ರಾವಣವನ್ನು ಶುದ್ಧೀಕರಿಸದೆ ಬಿಟ್ಟರೆ ಕೆರೆ ಕೆಡುತ್ತದೆ. ಸಿಪ್ಪೆ ಪುಕ್ಕಟೆ ಸಿಕ್ಕರೂ ತಿರುಳು ಪುಕ್ಕಟೆಯಲ್ಲ.

ಬೆಲೆ, ತೆರಿಗೆ, ಹೆಸರು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮುಟ್ಟಿನ ದಿನಗಳಲ್ಲಿ ಶುಚಿಯಾದ ವಿಧಾನ ಬಳಸುವ 15ರಿಂದ 24 ವಯಸ್ಸಿನ ಮಹಿಳೆಯರ ಪ್ರಮಾಣ 2015-16ರಲ್ಲಿ ಶೇಕಡ 58 ಇದ್ದದ್ದು 2019-21ರಲ್ಲಿ ಶೇಕಡ 78ಕ್ಕೆ ಏರಿತು. ಈ ಏರಿಕೆಯ ಕಾಲದಲ್ಲಿ ಸರ್ಕಾರದ ಯೋಜನೆಗಳೂ ಇದ್ದವು. ಕರ್ನಾಟಕದಲ್ಲಿ 2013-14ರಲ್ಲಿ 'ಶುಚಿ' ಯೋಜನೆ ಶಾಲಾ ಬಾಲಕಿಯರಿಗೆ ಉಚಿತ ಪ್ಯಾಡ್ ಕೊಡತೊಡಗಿತು. ಕೋವಿಡ್ ಕಾಲದಲ್ಲಿ ಅದರ ವಿತರಣೆ ನಿಂತಾಗ ಪ್ರೌಢಶಾಲೆಗಳ ಶಿಕ್ಷಕಿಯರಿಗೆ ಅದರ ಬೆಲೆ ಏನೆಂದು ತಿಳಿಯಿತು. ಕೇಂದ್ರ ಸರ್ಕಾರದ ಜನೌಷಧಿ ಅಂಗಡಿಗಳಲ್ಲಿ 2018ರಲ್ಲಿ 2.50 ರೂಪಾಯಿಗೆ ಬಂದ 'ಸುವಿಧಾ' ಪ್ಯಾಡನ್ನು 2019ರ ಆಗಸ್ಟಿನಲ್ಲಿ 1 ರೂಪಾಯಿಗೆ ಇಳಿಸಲಾಯಿತು. 2017ರ ಜುಲೈನಲ್ಲಿ ಹಾಕಿದ ಶೇಕಡ 12 ಜಿ.ಎಸ್.ಟಿ.ಯನ್ನು ಮರುವರ್ಷದ ಜುಲೈನಲ್ಲಿ ತೆಗೆಯಲಾಯಿತು. ಆದರೆ ಕಚ್ಚಾವಸ್ತುವಿಗೆ ಕಟ್ಟಿದ ತೆರಿಗೆಯನ್ನು ಹಿಂಪಡೆಯುವ ಅವಕಾಶವೂ ಅದರೊಂದಿಗೆ ಹೋಯಿತು, ಇದು ಸಣ್ಣ ತಯಾರಕರಿಗೆ ಹೊರೆಯಾಯಿತು. ಖಾಸಗಿ ಕಂಪನಿಗಳ ಸಸ್ಯಮೂಲದ ಪ್ಯಾಡಿನ ಬೆಲೆ ಒಂದು ರೂಪಾಯಿಯ ಹಲವು ಪಟ್ಟು. ಕೂಲಿಯವರ ಮಗಳು ಯಾವುದನ್ನು ಕೊಳ್ಳುತ್ತಾಳೆಂದು ಬೇರೆ ಹೇಳಬೇಕಿಲ್ಲ.

ಹೆಸರುಗಳಲ್ಲಿಯೂ ಎಚ್ಚರ ಬೇಕು. 'ಸುವಿಧಾ' ಪ್ಯಾಡಿನದು 'ಆಕ್ಸೋ-ಬಯೋಡಿಗ್ರೇಡಬಲ್' ಪ್ಲಾಸ್ಟಿಕ್. ಇಂಥ ಪ್ಲಾಸ್ಟಿಕ್ ಪುಡಿಯಾಗುತ್ತದೆಯೇ ಹೊರತು ಪೂರ್ಣವಾಗಿ ಕೊಳೆಯುತ್ತದೆಂಬುದಕ್ಕೆ ಆಧಾರ ಸಾಲದೆಂದು ಐರೋಪ್ಯ ಒಕ್ಕೂಟ 2019ರ ಶಾಸನದಲ್ಲಿ ಆಕ್ಸೋ ಮಾದರಿಯ ಪ್ಲಾಸ್ಟಿಕ್ ಸರಕುಗಳನ್ನು ನಿಷೇಧಿಸಿತು. ಮೆಕ್ಕೆಜೋಳದ ಸಕ್ಕರೆಯಿಂದ ಮಾಡುವ ಪಾಲಿಲ್ಯಾಕ್ಟಿಕ್ ಆಮ್ಲದ ಹಾಳೆ ಸಸ್ಯಮೂಲದ್ದು ನಿಜ, ಆದರೆ ಅದು ಚೆನ್ನಾಗಿ ಕೊಳೆಯಲು ಸುಮಾರು 58 ಡಿಗ್ರಿ ಸೆಲ್ಸಿಯಸ್ ಕಾವಿನ ಕೈಗಾರಿಕಾ ಗೊಬ್ಬರ ಘಟಕ ಬೇಕು. ಮನೆಯ ಹಿತ್ತಲ ತಿಪ್ಪೆಯಲ್ಲಿ ಅದು ಬಹುಕಾಲ ಹಾಗೆಯೇ ಇರುತ್ತದೆ.

ತರಗತಿಯಲ್ಲಿ

ಶಿಕ್ಷಕರು ಈ ವಿಷಯವನ್ನು ಒಂದು ಪ್ರಯೋಗದಿಂದ ಆರಂಭಿಸಬಹುದು. ಗಿಡದ ಹತ್ತಿ, ಅಂಗಡಿಯ ಹೀರುಹತ್ತಿ, ಒಣಗಿಸಿ ಹಿಂಜಿದ ಬಾಳೆ ನಾರು, ಅಡಿಕೆ ಸಿಪ್ಪೆಯ ನಾರು – ಪ್ರತಿಯೊಂದನ್ನೂ 5 ಗ್ರಾಂ ತೂಗಿ ನೀರಿಗೆ ಹಾಕಿ, ಮುಳುಗುವ ಹೊತ್ತನ್ನು ಬರೆದುಕೊಳ್ಳಿ. ಅನಂತರ ಅವೇ ನಾರುಗಳನ್ನು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ವಾಷಿಂಗ್ ಸೋಡಾ ನೀರಿನಲ್ಲಿ ಒಂದು ಗಂಟೆ ಕುದಿಸಿ, ತೊಳೆದು, ಒಣಗಿಸಿ ಮತ್ತೆ ಪರೀಕ್ಷಿಸಿ. ಎರಡು ಪಟ್ಟಿಗಳ ವ್ಯತ್ಯಾಸವು ಮೇಣ ಮತ್ತು ಲಿಗ್ನಿನ್ನಿನ ಪಾತ್ರವನ್ನು ತಾನೇ ಹೇಳುತ್ತದೆ.

ಎರಡನೆಯದು ಪ್ಯಾಡಿನ ಪರೀಕ್ಷೆ. ಭಾರತೀಯ ಮಾನಕ 5405 ಮೊದಲು ಬಂದದ್ದು 1969ರಲ್ಲಿ. 1980ರ ಪರಿಷ್ಕರಣೆಯ ಪ್ರಕಾರ ಮಿನಿಟಿಗೆ 15 ಮಿಲಿಲೀಟರಿನಂತೆ 30 ಮಿಲಿಲೀಟರ್ ಬಣ್ಣದ ನೀರನ್ನು ಪ್ಯಾಡಿನ ನಡುವೆ ಸುರಿದಾಗ ಅದು ತಳದಲ್ಲಾಗಲಿ ಅಂಚಿನಲ್ಲಾಗಲಿ ಕಾಣಬಾರದು. ಒಂದು ಮುಟ್ಟಿನ ಅವಧಿಯಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ ಒಟ್ಟು 30ರಿಂದ 40 ಮಿಲಿಲೀಟರ್ ಮಾತ್ರ ಎಂಬುದನ್ನು ಈ ಸಂದರ್ಭದಲ್ಲಿ ಹೇಳಿದರೆ ಮಕ್ಕಳ ಅನೇಕ ಭಯಗಳು ಕಳೆಯುತ್ತವೆ. ಬಣ್ಣದ ನೀರಿಗೆ ಬದಲು ಉಪ್ಪುನೀರನ್ನು ಬಳಸಿಯೂ ನೋಡಿ.

ಕೊನೆಗೆ ಒಂದು ಹೊಸ ಪ್ಯಾಡನ್ನು ಕತ್ತರಿಸಿ ಪದರ ಪದರವಾಗಿ ಬಿಡಿಸಿ. ಪ್ರತಿ ಪದರದ ಮುಂದೆಯೂ ಮೂರು ಪ್ರಶ್ನೆ ಬರೆಯಲಿ: ಇದು ಯಾವುದರಿಂದ ಬಂದಿದೆ? ಇದು ಮಾಡುವ ಕೆಲಸವೇನು? ಬಳಸಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ? 2016ರ ಘನತ್ಯಾಜ್ಯ ನಿಯಮಗಳು ಬಳಸಿದ ಪ್ಯಾಡನ್ನು ಸುತ್ತಿ ಬೇರೆಯಾಗಿ ಕೊಡಬೇಕೆಂದೂ, ಅದಕ್ಕೆ ಬೇಕಾದ ಚೀಲವನ್ನು ತಯಾರಕರೇ ಒದಗಿಸಬೇಕೆಂದೂ ಹೇಳಿದವು. ಆ ಚೀಲ ಪೊಟ್ಟಣದಲ್ಲಿದೆಯೇ ಎಂಬುದನ್ನೂ ಮಕ್ಕಳು ಹುಡುಕಲಿ. ಈ ಪ್ರಯೋಗದಲ್ಲಿ ಹುಡುಗರೂ ಹುಡುಗಿಯರೂ ಒಂದೇ ಮೇಜಿನ ಸುತ್ತ ನಿಲ್ಲಬೇಕು. ನಾಳೆ ಅಡಿಕೆ ಸಿಪ್ಪೆಗೋ ಕತ್ತಾಳೆಗೋ ಕಡಿಮೆ ನೀರಿನ ಸಂಸ್ಕರಣೆಯನ್ನು ಕಂಡುಹಿಡಿಯುವವರು ಅವರಲ್ಲಿ ಯಾರೂ ಆಗಬಹುದು.